ಲ್ಯಾಟಿನ್ ಮೇಷ್ಟ್ರು ಹೆಸರಿಟ್ಟ ಯಂತ್ರ

ಫ್ರಾನ್ಸಿನಲ್ಲಿ ಕಂಪ್ಯೂಟರಿಗೆ ಕಂಪ್ಯೂಟರ್ ಅನ್ನುವುದಿಲ್ಲ. ಓರ್ದಿನಾತರ್ ಅನ್ನುತ್ತಾರೆ. ಮಾತಿನ ಅವಸರದಲ್ಲಿ ಅದು ಬರೀ ಓರ್ದಿ. ಜರ್ಮನ್ನರು, ಇಟಲಿಯವರು, ಪೋಲೆಂಡಿನವರು ಇಂಗ್ಲಿಷಿನ ಪದವನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಸುಮ್ಮನಾದರು. ಇವರು ಮಾತ್ರ ಯಾಕೆ ಬೇರೆ ದಾರಿ ಹಿಡಿದರು ಅಂತ ನನಗೆ ಮೊದಲಿಂದಲೂ ಕುತೂಹಲ. ಫ್ರೆಂಚರಿಗೆ ಭಾಷೆಯ ಅಭಿಮಾನ ಜಾಸ್ತಿ, ಸರಕಾರವೇ ಕೂತು ಪದ ಮಾಡಿರುತ್ತದೆ ಅಂತ ನಮ್ಮವರು ಹೇಳುವುದುಂಟು. ಈ ಪದದ ಕಥೆಯಲ್ಲಿ ಸರಕಾರ ಬರುವುದೇ ಇಲ್ಲ. ಇಲ್ಲಿರುವುದು ಒಂದು ಅಮೆರಿಕನ್ ಕಂಪನಿ, ಅದರ ಜಾಹೀರಾತು ವಿಭಾಗ, ಮತ್ತು ಒಬ್ಬ ಲ್ಯಾಟಿನ್ ಮೇಷ್ಟ್ರು.

ನಾನು ಕುಂದಾಪುರದ ಕಡೆಯ ಮನುಷ್ಯ. ಲಿಯೋನ್ ಊರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ದಿನಕ್ಕೆ ಹತ್ತಾರು ಸಲ ಈ ಪದ ಕಿವಿಗೆ ಬೀಳುತ್ತದೆ. ಬಹುತೇಕ ಪದಗಳು ಯಾವಾಗ ಹುಟ್ಟಿದವು, ಯಾರ ಬಾಯಲ್ಲಿ ಹುಟ್ಟಿದವು ಅಂತ ಹೇಳಲು ಬರುವುದಿಲ್ಲ. ಇದಕ್ಕೆ ಮಾತ್ರ ಹುಟ್ಟಿದ ದಿನಾಂಕವೇ ಇದೆ: 1955ರ ಏಪ್ರಿಲ್ 16. ಅವತ್ತು ಬರೆದ ಒಂದು ಕಾಗದದಲ್ಲಿ ಇದು ಮೊದಲ ಸಲ ಯಂತ್ರದ ಹೆಸರಾಗಿ ಕಾಣಿಸಿಕೊಂಡಿತು. ಆ ಕಾಗದದ ಪೂರ್ತಿ ಪಠ್ಯ ಈಗಲೂ ಓದಲು ಸಿಗುತ್ತದೆ. ನಾನು ಅದನ್ನು ಓದಿ ಮತ್ತೆ ಮತ್ತೆ ಓದಿದೆ. ಅಷ್ಟು ಸೊಗಸಾಗಿದೆ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ. ಐಬಿಎಂ 650 ಅಂತ ಅದರ ಹೆಸರು, ಐಬಿಎಂ ಅನ್ನುವುದೇ ಆ ಅಮೆರಿಕನ್ ಕಂಪನಿ. 1953ರಲ್ಲಿ ಅಮೆರಿಕದಲ್ಲಿ ಘೋಷಣೆಯಾಯಿತು. ಒಳಗೆ ನಿರ್ವಾತ ಕೊಳವೆಗಳು, ನಿಮಿಷಕ್ಕೆ 12,500 ಸುತ್ತು ತಿರುಗುವ ಒಂದು ಕಾಂತೀಯ ಡ್ರಮ್. ಆ ಡ್ರಮ್ಮೇ ಅದರ ಮೆಮೊರಿ. ಹತ್ತು ಅಂಕಿಗಳ 2,000 ಸಂಖ್ಯೆಗಳನ್ನು ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ನಮ್ಮ ಜೇಬಿನ ಫೋನಿನಲ್ಲಿರುವ ಒಂದೇ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸಲಿಕ್ಕಿಲ್ಲ. ಆದರೂ ಆ ಕಾಲಕ್ಕೆ ಅದು ದೊಡ್ಡ ಗೆಲುವು. ಹೆಚ್ಚುಕಮ್ಮಿ 2,000 ಯಂತ್ರಗಳು ತಯಾರಾದವು. ಅದಕ್ಕೂ ಮುಂಚೆ ಇಂಥ ಯಂತ್ರಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಇದನ್ನು ಫ್ರಾನ್ಸಿನಲ್ಲಿ ಮಾರಲು ಐಬಿಎಂನ ಫ್ರೆಂಚ್ ಶಾಖೆ ತಯಾರಿ ಮಾಡುತ್ತಿತ್ತು. ಆಗ ಹೆಸರಿನ ತೊಡಕು ಬಂತು. ಫ್ರೆಂಚಿನಲ್ಲಿ ಕಾಲ್ಕ್ಯುಲಾತರ್ ಅಂತ ಒಂದು ಪದ ಇತ್ತು. ಲೆಕ್ಕ ಮಾಡುವ ಯಂತ್ರ ಅಂತ. ಅಲ್ಲಿಯ ಬ್ಯುಲ್ ಕಂಪನಿ 1952ರಿಂದಲೇ ಗಾಮಾ 3 ಅನ್ನುವ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಮಾರುತ್ತಿತ್ತು. ಐಬಿಎಂಗೆ ತನ್ನ ಹೊಸ ಯಂತ್ರ ಬರೀ ಕೂಡಿಸಿ ಕಳೆಯುವ ಡಬ್ಬಿ ಅಂತ ಗಿರಾಕಿಗಳಿಗೆ ಅನಿಸುವುದು ಬೇಕಿರಲಿಲ್ಲ. ಗಿರಾಕಿಗಳು ಯಾರು? ವಿಮಾ ಕಂಪನಿ, ಬ್ಯಾಂಕು, ಕಾರ್ಖಾನೆ. ಅವರಿಗೆ ಬೇಕಾದ್ದು ಸಂಬಳದ ಪಟ್ಟಿ, ಸರಕಿನ ಪಟ್ಟಿ, ಬಾಕಿ ವಸೂಲಿಯ ಪಟ್ಟಿ. ಗಣಿತಜ್ಞರ ಆಟಿಕೆಗೆ ಯಾರು ದುಡ್ಡು ಕೊಡುತ್ತಾರೆ?

ಜಾಹೀರಾತು ವಿಭಾಗದ ಮುಖ್ಯಸ್ಥ ಫ್ರಾನ್ಸ್ವಾ ಜಿರಾರ್ ಅವರಿಗೆ ತಮ್ಮ ಹಳೆಯ ಮೇಷ್ಟ್ರು ನೆನಪಾದರು. ಜಾಕ್ ಪೆರೆ, ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ ಲ್ಯಾಟಿನ್ ಪ್ರಾಧ್ಯಾಪಕರು. ವರ್ಜಿಲ್ ಕವಿಯ ಮೇಲೆ ಬದುಕಿಡೀ ಕೆಲಸ ಮಾಡಿದವರು. ಯಂತ್ರಗಳ ಗಂಧಗಾಳಿ ಇಲ್ಲದ ಮನುಷ್ಯ. ಇವರಿಗೆ ಕೇಳಿದರಾಯಿತು ಅಂತ ತೀರ್ಮಾನವಾಯಿತು. ಯಂತ್ರದ ಕರಪತ್ರಗಳನ್ನೂ ಕೊಟ್ಟರು. ಪೆರೆ ಅವುಗಳನ್ನು ಶ್ರದ್ಧೆಯಿಂದ ಓದಿ, ಐಬಿಎಂ ಫ್ರಾನ್ಸಿನ ಅಧ್ಯಕ್ಷ ಕ್ರಿಸ್ತಿಯಾನ್ ದ ವಾಲ್ದ್ನೆರ್ ಅವರಿಗೆ ಉತ್ತರ ಬರೆದರು.

ಪತ್ರದಲ್ಲಿ ಪೀಠಿಕೆ ಇಲ್ಲ. ಓರ್ದಿನಾತರ್ ಅಂದರೆ ಏನಂತೀರಿ, ಅಂತಲೇ ಶುರು. ಪದ ಸರಿಯಾದ ವ್ಯಾಕರಣದಲ್ಲಿ ಕಟ್ಟಿದ್ದು. ಲಿತ್ರೆ ನಿಘಂಟಿನಲ್ಲೂ ಇದೆ, ವಿಶೇಷಣವಾಗಿ. ಯಾರ ವಿಶೇಷಣ ಗೊತ್ತಾ? ದೇವರದ್ದು. ಜಗತ್ತಿಗೆ ಒಂದು ಕ್ರಮ ತಂದುಕೊಡುವ ದೇವರು, ಆ ಅರ್ಥದಲ್ಲಿ.

ಇಲ್ಲೊಂದು ತಮಾಷೆ ಹೇಳಲೇಬೇಕು. ಆ ನಿಘಂಟು ಬರೆದ ಎಮಿಲ್ ಲಿತ್ರೆ ದೇವರ ಗೊಡವೆಗೆ ಹೋಗದ ಮನುಷ್ಯ. ವಿಜ್ಞಾನ ಬಿಟ್ಟು ಬೇರೆ ಯಾವುದನ್ನೂ ಆತ ಒಪ್ಪುತ್ತಿರಲಿಲ್ಲ. 1871ರಲ್ಲಿ ಆತನನ್ನು ಫ್ರೆಂಚ್ ಅಕಾಡೆಮಿಗೆ ಆರಿಸಿದಾಗ ಅಲ್ಲಿ ಸದಸ್ಯರಾಗಿದ್ದ ಬಿಷಪ್ ದ್ಯುಪಾಂಲೂ, ಈ ನಾಸ್ತಿಕನ ಜೊತೆ ಕೂರಲಾರೆ ಅಂತ ರಾಜೀನಾಮೆ ಕೊಟ್ಟರು. ಅಂಥವನ ನಿಘಂಟಿನಿಂದ ದೇವರ ವಿಶೇಷಣ ಹೆಕ್ಕಿ ಪೆರೆ ಅದನ್ನು ಐಬಿಎಂಗೆ ಕೊಟ್ಟರು!

ಮೇಷ್ಟ್ರು ಪದ ಕೊಟ್ಟು ಸುಮ್ಮನಾಗಲಿಲ್ಲ. ಅದರ ದೋಷವನ್ನೂ ತಾವೇ ಹೇಳುತ್ತಾರೆ. ಇದರಿಂದ ಓರ್ದಿನಾಸಿಯೋಂ ಅನ್ನುವ ನಾಮಪದ ಬರುತ್ತದೆ. ಆದರೆ ಅದು ಚರ್ಚಿನಲ್ಲಿ ಪಾದ್ರಿ ದೀಕ್ಷೆ ಕೊಡುವ ವಿಧಿಯ ಹೆಸರು. ಗೊಂದಲ ಆಗಬಹುದಲ್ಲ? ಆಗಲಿಕ್ಕಿಲ್ಲ ಅಂತ ಅವರೇ ಸಮಾಧಾನವನ್ನೂ ಹೇಳುತ್ತಾರೆ. ಧರ್ಮಕ್ಕೂ ಜಮಾಖರ್ಚಿಗೂ ಬಹಳ ದೂರ, ಮೇಲಾಗಿ ಆ ದೀಕ್ಷೆಯ ಸಂಗತಿ ಗೊತ್ತಿರುವ ಜನವೂ ಕಡಿಮೆ. ಈ ಮಾತಿನ ಹಿಂದೆ ಒಂದು ಸಣ್ಣ ನಗು ಇದೆ ಅಂತ ನನಗೆ ಅನಿಸುತ್ತದೆ.

ಆಮೇಲೆ ಒಂದೊಂದಾಗಿ ಬೇರೆ ಪದಗಳನ್ನು ತೂಗುತ್ತಾರೆ. ನನಗೆ ಇಡೀ ಪತ್ರದಲ್ಲಿ ಇಷ್ಟವಾದ ಭಾಗ ಇದೇ. ಸಿಸ್ತೆಮಾತರ್ ಹೊಸ ಪದ, ಕಿವಿಗೆ ಕೆಟ್ಟದಾಗೇನೂ ಕೇಳುವುದಿಲ್ಲ. ಕೋಂಬಿನಾತರ್ ಬೇಡ. ಫ್ರೆಂಚಿನಲ್ಲಿ ಕೋಂಬೀನ್ ಅಂದರೆ ಒಳಗಿಂದೊಳಗೆ ಮಾಡುವ ಮಸಲತ್ತು. ಮಸಲತ್ತಿನ ಯಂತ್ರ ಅಂತ ಬ್ಯಾಂಕಿಗೆ ಮಾರಲಾದೀತೇ? ಕೋಂಜೆಸ್ತರ್, ದಿಜೆಸ್ತರ್ ಕೂಡ ಬೇಡ. ಒಂದು ಎದೆ ಕಟ್ಟಿದ್ದನ್ನು ನೆನಪಿಸುತ್ತದೆ, ಇನ್ನೊಂದು ಹೊಟ್ಟೆ ಅರಗಿಸುವುದನ್ನು. ಸಾಂತೆತಿಜರ್ ಅಷ್ಟೇನೂ ಹೊಸದಲ್ಲ, ಇಂಥದ್ದೇ ಒಂದು ಯಂತ್ರ ಅಂತ ಬೊಟ್ಟು ಮಾಡಿ ತೋರಿಸುವ ಕಸು ಅದಕ್ಕಿಲ್ಲ. ಸೆಲೆಕ್ತೊ-ಓರ್ದಿನಾತರ್ ಅಂದರೆ ಎರಡು ಓಕಾರ ಒಂದರ ಮೇಲೊಂದು ಬಿದ್ದು ನಾಲಿಗೆ ಎಡವುತ್ತದೆ. ನಾವು ಸಂಧಿ ಮಾಡಿ ಮುಗಿಸುತ್ತಿದ್ದೆವು, ಪಾಪ ಅವರಿಗೆ ಆ ಅನುಕೂಲ ಇಲ್ಲ.

ಇಷ್ಟಾಗಿಯೂ ಪೆರೆಯವರ ಮನಸ್ಸು ಇದ್ದದ್ದು ಓರ್ದಿನಾತರ್ ಮೇಲಲ್ಲ, ಓರ್ದಿನಾತ್ರೀಸ್ ಮೇಲೆ. ಅಂದರೆ ಅದೇ ಪದದ ಸ್ತ್ರೀಲಿಂಗ. ಫ್ರೆಂಚಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ಹೀಗೆ ಜೀವ ಇಲ್ಲದ್ದಕ್ಕೂ ಲಿಂಗ ಇದೆ. ಕಲಿಯುವಾಗ ನನಗೆ ಸಾಕೋ ಸಾಕಾಗಿತ್ತು. ಪೆರೆ ಕೊಡುವ ಕಾರಣ ಸರಳವಾಗಿದೆ. ನೀವು ಕೊಟ್ಟ ಕರಪತ್ರ ನೋಡಿದೆ, ನಿಮ್ಮ ಬೇರೆ ಹಲವು ಯಂತ್ರಗಳು ಹೆಣ್ಣು ಹೆಸರಿನವು. ಮಾಹಿತಿ ತುಂಬಿದ ತೂತಿನ ಕಾರ್ಡು ವಿಂಗಡಿಸುವುದು ತ್ರಿಯೋಜ್, ಪಟ್ಟಿ ಅಚ್ಚು ಹಾಕುವುದು ತಾಬ್ಯುಲಾತ್ರೀಸ್. ಇದನ್ನೂ ಹೆಣ್ಣು ಮಾಡಿದರೆ ಆ ದೇವರ ಅರ್ಥದಿಂದ ಇನ್ನೂ ಸ್ವಲ್ಪ ದೂರ ಆಗುತ್ತದೆ. ಕೊನೆಗೆ ಅವರ ಆಯ್ಕೆ ಓರ್ದಿನಾತ್ರೀಸ್ ಎಲೆಕ್ತ್ರೋನೀಕ್. ಭಾಷೆಯ ಪಂಡಿತನ ಸಲಹೆ ಬೇಕಾದರೆ ಫೋನ್ ಮಾಡಲು ಹಿಂಜರಿಯಬೇಡಿ ಅಂತ ಹೇಳಿ ಪತ್ರ ಮುಗಿಸುತ್ತಾರೆ.

ಈ ಹೆಣ್ಣು ಹೆಸರುಗಳ ವಿಷಯ ನಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಎತ್ತಿದೆ. ಅವರು ನಕ್ಕರು. ಅವರ ಅಮ್ಮ ಒಂದು ಕಾಲದಲ್ಲಿ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸದಲ್ಲಿದ್ದರಂತೆ. ಆ ಯಂತ್ರದ ಹೆಸರು ಪೆರ್ಫೊರಾತ್ರೀಸ್. ಯಂತ್ರದ ಮುಂದೆ ಕೂತ ಹೆಂಗಸಿನ ಹೆಸರೂ ಪೆರ್ಫೊರಾತ್ರೀಸ್. ಪೇಪರಿನಲ್ಲಿ "ಪೆರ್ಫೊರಾತ್ರೀಸ್ ಬೇಕಾಗಿದೆ" ಅಂತ ಬಂದರೆ ಮನುಷ್ಯರನ್ನು ಕೇಳುತ್ತಿದ್ದಾರೋ ಯಂತ್ರವನ್ನೋ ಅಂತ ಅಮ್ಮ ತಮಾಷೆ ಮಾಡುತ್ತಿದ್ದರಂತೆ. ಇಂಗ್ಲಿಷಿನ ಕಂಪ್ಯೂಟರ್ ಪದವೂ ಮೊದಲು ಮನುಷ್ಯರ ಕೆಲಸದ ಹೆಸರೇ ಆಗಿತ್ತು. ಕೂತು ಲೆಕ್ಕ ಹಾಕುವವರು ಅಂತ. ಅವರಲ್ಲೂ ಎಷ್ಟೋ ಮಂದಿ ಹೆಂಗಸರು.

ಐಬಿಎಂ ಮೇಷ್ಟ್ರ ಮಾತನ್ನು ಅರ್ಧ ಕೇಳಿತು. ಪದ ತೆಗೆದುಕೊಂಡಿತು, ಲಿಂಗ ಬದಲಿಸಿತು. ಗಂಡು ಓರ್ದಿನಾತರ್ ಗೆದ್ದಿತು. ಕಂಪನಿ ಅದನ್ನು ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಕೂಡ ಮಾಡಿಸಿಕೊಂಡಿತು. ಆದರೆ ಜನ ಕೇಳಬೇಕಲ್ಲ. ಯಾವ ಕಂಪನಿಯ ಯಂತ್ರವಾದರೂ ಅದೇ ಪದ ಬಳಸತೊಡಗಿದರು. ಬೇರೆ ಕಡೆ ಇಂಥ ಸಂದರ್ಭದಲ್ಲಿ ವಕೀಲರ ನೋಟಿಸು ಹೋಗುತ್ತದೆ. ಇಲ್ಲಿ ಐಬಿಎಂ ಕೆಲವೇ ವರ್ಷಗಳಲ್ಲಿ ಪದವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಫ್ರೆಂಚ್ ಗೆಳೆಯರು ಇನ್ನೊಂದು ಕಾರಣವನ್ನೂ ಹೇಳುತ್ತಾರೆ. ಕಂಪ್ಯೂಟರ್ ಅನ್ನುವುದನ್ನು ಫ್ರೆಂಚ್ ಉಚ್ಚಾರದಲ್ಲಿ ಹೇಳಿದರೆ ಅದರೊಳಗೆ ಎರಡು ಬೈಗುಳ ಕೇಳಿಸುತ್ತವೆ. ಯಾವುವು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಓದುತ್ತಾರೆ. ಕಥೆ ಚೆನ್ನಾಗಿದೆ, ಕಾಫಿ ಕುಡಿಯುವಾಗ ಹೇಳಲು ಲಾಯಕ್ಕು. ಆದರೆ ಪೆರೆಯವರ ಪತ್ರದಲ್ಲಿ ಆ ಸುಳಿವೇ ಇಲ್ಲ. ಅಲ್ಲಿ ಕಂಪ್ಯೂಟರ್ ಅನ್ನುವ ಪದದ ಚರ್ಚೆಯೇ ಬರುವುದಿಲ್ಲ.

ಇನ್ನು ಅರ್ಥದ ವಿಷಯ. ಕಂಪ್ಯೂಟರ್ ಅಂದರೆ ಎಣಿಸುವುದು. ಲ್ಯಾಟಿನ್ನಿನ ಕೊಂಪುತಾರೆ ಅದರ ಬೇರು. ಫ್ರೆಂಚಿನ ಕೋಂತೆ, ಅಂದರೆ ಎಣಿಸು, ಅದೂ ಅದೇ ಬೇರಿನದು. ಈಸ್ಟರ್ ಹಬ್ಬ ಯಾವತ್ತು ಬರುತ್ತದೆ ಅಂತ ಪಾದ್ರಿಗಳು ಮಾಡುವ ಲೆಕ್ಕಕ್ಕೆ ಇಲ್ಲಿ ಇವತ್ತಿಗೂ ಕೋಂಪ್ಯು ಅನ್ನುತ್ತಾರೆ, ನಮ್ಮ ಪಂಚಾಂಗದ ಗಣಿತದ ಹಾಗೆ. ನಾವು ಮಾಡಿಕೊಂಡ ಗಣಕಯಂತ್ರವೂ ಎಣಿಕೆಯ ಕಡೆಯದೇ. ಗಣಕ ಅಂದರೆ ಲೆಕ್ಕಿಗ, ಜೋಯಿಸ. ನಮ್ಮ ಶಾಲೆಯ ಪಾಠಪುಸ್ತಕದಲ್ಲಿ ಗಣಕಯಂತ್ರ ಅಂತ ಇತ್ತು, ಕೋಣೆಯ ಬಾಗಿಲ ಮೇಲೆ ಕಂಪ್ಯೂಟರ್ ಲ್ಯಾಬ್ ಅಂತ ಇತ್ತು. ಪರೀಕ್ಷೆಗೆ ಒಂದು, ಬಾಯಿಗೆ ಒಂದು.

ಓರ್ದಿನಾತರ್ ಎಣಿಕೆ ಬಿಟ್ಟು ಕ್ರಮದ ಕಡೆ ಹೋಯಿತು. ಒಪ್ಪ ಮಾಡುವವನು, ಸಾಲಾಗಿ ಇಡುವವನು. ನನ್ನ ಕೆಲಸದಿಂದ ನೋಡಿದರೆ ಇದೇ ಹೆಚ್ಚು ಸರಿ ಅನಿಸುತ್ತದೆ. ದಿನವಿಡೀ ನಾನು ಪರೀಕ್ಷೆ ಮಾಡುವ ಪ್ರೋಗ್ರಾಮುಗಳಲ್ಲಿ ನೇರ ಲೆಕ್ಕ ಕಡಿಮೆ. ಹುಡುಕುವುದು, ವಿಂಗಡಿಸುವುದು, ಹೊಂದಿಸಿ ನೋಡುವುದು, ಸರಿಯಾದ ಜಾಗದಲ್ಲಿ ಇಡುವುದು, ಇದೇ ಜಾಸ್ತಿ. ಎಣಿಕೆಯ ಪಕ್ಷದವರಿಗೂ ಒಂದು ಮಾತು ಇದೆ ಅನ್ನಿ. ನಮ್ಮ ಕರಾವಳಿ ಕಡೆ ಎಣಿಸುವುದು ಅಂದರೆ ಲೆಕ್ಕ ಹಾಕುವುದಷ್ಟೇ ಅಲ್ಲ, ಯೋಚಿಸುವುದು, ಅಂದುಕೊಳ್ಳುವುದು ಕೂಡ. "ನೀವು ಬರಲಿಕ್ಕಿಲ್ಲ ಅಂತ ಎಣಿಸಿದೆ" ಅನ್ನುತ್ತೇವೆ. ಯೋಚಿಸುವ ಯಂತ್ರ ಅಂತ ಈಗ ಎಲ್ಲರೂ ಮಾತಾಡುವಾಗ ನಮ್ಮೂರ ಕ್ರಿಯಾಪದ ಎರಡಕ್ಕೂ ಆಗುತ್ತದೆ.

ಲಿಯೋನ್‌ನಲ್ಲಿ ಕೂತು ಈ ಪದದ ಬೇರು ಕೆದಕಿದಾಗ ಇನ್ನೊಂದು ಸಂಗತಿ ಸಿಕ್ಕಿತು, ಇದು ಪೆರೆಯವರ ಪತ್ರದಲ್ಲಿ ಇಲ್ಲ. ಓರ್ದಿನಾತರ್ ಪದದ ಮೂಲ ಲ್ಯಾಟಿನ್ನಿನ ಓರ್ದೊ, ಸಾಲು, ಕ್ರಮ. ಅದಕ್ಕೆ ನೆಂಟಸ್ತಿಕೆ ಇರುವ ಇನ್ನೊಂದು ಲ್ಯಾಟಿನ್ ಕ್ರಿಯಾಪದ ಓರ್ದಿರಿ. ಅದರ ಹಳೆಯ ಅರ್ಥ ನೇಯ್ಗೆ ಶುರು ಮಾಡುವುದು. ಅಂದರೆ ಮಗ್ಗಕ್ಕೆ ಹಾಸು ಕಟ್ಟುವುದು. ಹಾಸು ಅಂದರೆ ಉದ್ದಕ್ಕೆ ಸಾಲಾಗಿ ಎಳೆದ ನೂಲು ತಾನೆ?

ನಾನಿರುವುದು ಕ್ರುವಾ-ರೂಸ್ ಅನ್ನುವ ಗುಡ್ಡದ ಮೇಲೆ. ಹತ್ತೊಂಬತ್ತನೇ ಶತಮಾನದಲ್ಲಿ ಇದು ರೇಷ್ಮೆ ನೇಕಾರರ ಕೇರಿ. ಇಲ್ಲಿಯ ಹಳೇ ಮನೆಗಳ ಸೂರು ಸುಮಾರು ನಾಲ್ಕು ಮೀಟರ್ ಎತ್ತರ. ಮಗ್ಗ ಹಿಡಿಸಲೆಂದೇ ಹಾಗೆ ಕಟ್ಟಿದ್ದು. ಚಳಿಗಾಲದಲ್ಲಿ ಆ ಎತ್ತರವನ್ನೆಲ್ಲ ಬೆಚ್ಚಗಿಡುವಾಗ ಕರೆಂಟ್ ಬಿಲ್ ನೋಡಿ ನೇಕಾರರನ್ನು ನೆನೆಯುತ್ತೇನೆ. ಇದೇ ಊರಿನ ಜೋಸೆಫ್ ಮಾರಿ ಜಾಕಾರ್ 1804ರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ನಡೆಯುವ ಮಗ್ಗ ತಂದರು. ತೂತು ಇದ್ದಲ್ಲಿ ನೂಲು ಮೇಲೇಳುತ್ತದೆ, ಇಲ್ಲದಲ್ಲಿ ಇಲ್ಲ. ಅವರಿಗಿಂತ ಮುಂಚೆ 1725ರಲ್ಲಿ ಬಾಸಿಲ್ ಬೂಶೋಂ ಇದೇ ಊರಿನಲ್ಲಿ ತೂತಿನ ಕಾಗದದ ಸುರುಳಿ ಮಾಡಿ ನೋಡಿದ್ದರು. ಅಮೆರಿಕದ 1890ರ ಜನಗಣತಿಗೆ ಹರ್ಮನ್ ಹಾಲರಿತ್ ಅವರು ತೂತಿನ ಕಾರ್ಡುಗಳನ್ನು ಬಳಸಿದರು. ಅವರ ಕಂಪನಿ ಮುಂದೆ ಬೇರೆಯವುಗಳ ಜೊತೆ ಸೇರಿ ಐಬಿಎಂ ಆಯಿತು. 650 ಯಂತ್ರಕ್ಕೂ ಮಾಹಿತಿ ಹೋಗುತ್ತಿದ್ದದ್ದು ಅಂಥ ಕಾರ್ಡುಗಳಲ್ಲೇ. ವರ್ಜಿಲನ ಪಂಡಿತರು ಲ್ಯಾಟಿನ್ನಿನಿಂದ ಹೆಕ್ಕಿಕೊಟ್ಟ ಪದದ ಹಿಂದೆ ಮಗ್ಗ ಇತ್ತು, ಯಂತ್ರದ ವಂಶದಲ್ಲೂ ಮಗ್ಗ ಇತ್ತು. ಯಾರೂ ಬೇಕು ಅಂತ ಮಾಡಿದ್ದಲ್ಲ.

ಓರ್ದಿನಾತರ್ ಗೆದ್ದದ್ದು ಸರಿಯಾದ ಹೊತ್ತಿಗೆ ಬಂದದ್ದರಿಂದ ಅಂತ ನನ್ನ ಅಭಿಪ್ರಾಯ. ವಸ್ತು ಮತ್ತು ಹೆಸರು ಒಟ್ಟಿಗೇ ಅಂಗಡಿಗೆ ಬಂದವು. ಗಿರಾಕಿಯ ಬಾಯಲ್ಲಿ ಆಗಲೇ ಬೇರೆ ಪದ ಇರಲಿಲ್ಲ. ಮುಂದಿನ ಪದಗಳನ್ನು ನೋಡಿದರೂ ಇದು ಸರಿಯೆನಿಸುತ್ತದೆ. 1962ರಲ್ಲಿ ಫಿಲಿಪ್ ದ್ರೇಫ್ಯೂಸ್ ಅನ್ನುವವರು ಆಂಫೋರ್ಮಾಸಿಯೋಂ ಮತ್ತು ಓತೋಮಾತೀಕ್, ಅಂದರೆ ಮಾಹಿತಿ ಮತ್ತು ಸ್ವಯಂಚಾಲಿತ, ಎರಡನ್ನೂ ಬೆಸೆದು ಆಂಫೋರ್ಮಾತೀಕ್ ಮಾಡಿದರು. ತಮ್ಮ ಕಂಪನಿಯ ಹೆಸರಲ್ಲೇ ಅದನ್ನು ಇಟ್ಟರು. ಜರ್ಮನಿಯ ಕಾರ್ಲ್ ಸ್ಟೈನ್‌ಬುಖ್ 1957ರಲ್ಲೇ ಇನ್ಫರ್ಮಾಟಿಕ್ ಅಂದಿದ್ದರು. ಆದರೂ ಫ್ರಾನ್ಸಿನಲ್ಲಿ ಅದು ದ್ರೇಫ್ಯೂಸ್ ಅವರ ಕೂಸು. ಇವತ್ತು ಇಡೀ ಕಂಪ್ಯೂಟರ್ ಕ್ಷೇತ್ರಕ್ಕೆ ಇಲ್ಲಿ ಅದೇ ಹೆಸರು. ನಾನು ಏನು ಕೆಲಸ ಮಾಡುತ್ತೇನೆ ಅಂತ ಮನೆ ಮಾಲೀಕರು ಕೇಳಿದಾಗ ನಾನು ಹೇಳಿದ್ದೂ ಅದೇ ಒಂದು ಪದ.

ಲೋಜಿಸಿಯೆಲ್ ಕಥೆಯಲ್ಲಿ ಸರಕಾರ ಬರುತ್ತದೆ. 1966ರಲ್ಲಿ ಅಧ್ಯಕ್ಷ ದ ಗಾಲ್ ಕಾಲದಲ್ಲಿ ಪ್ಲಾನ್ ಕಾಲ್ಕ್ಯುಲ್ ಅಂತ ಒಂದು ಯೋಜನೆ ಶುರುವಾಯಿತು. ಕಂಪ್ಯೂಟರಿಗಾಗಿ ಅಮೆರಿಕದ ಮುಂದೆ ಕೈಯೊಡ್ಡಬಾರದು ಅನ್ನುವುದು ಅದರ ಹಟ. ಆ ಸರಕಾರಿ ಕಚೇರಿಯಲ್ಲಿದ್ದ ಫಿಲಿಪ್ ರೆನಾರ್ ಸಾಫ್ಟ್‌ವೇರಿಗೆ ಲೋಜಿಸಿಯೆಲ್ ಅಂದರು. ಹಾರ್ಡ್‌ವೇರಿಗೆ ಮಾತೆರಿಯೆಲ್ ಅನ್ನುತ್ತಿದ್ದರಲ್ಲ, ಅದರ ಬಾಲ ಕತ್ತರಿಸಿ ತರ್ಕಕ್ಕೆ ಅಂಟಿಸಿದರು. ನಮ್ಮ ಯಂತ್ರಾಂಶ, ತಂತ್ರಾಂಶ ಜೋಡಿಯ ಹಾಗೆಯೇ ಒಂದು ಪ್ರಾಸ. ಆ ಬಾಲ ಆಮೇಲೆ ಮರಿ ಹಾಕಿತು. ಕಲಿಸುವ ಸಾಫ್ಟ್‌ವೇರ್ ದಿದಾಕ್ತಿಸಿಯೆಲ್, ರೆಡಿಮೇಡ್ ಪ್ಯಾಕೇಜು ಪ್ರೊಜಿಸಿಯೆಲ್. ಸರಕಾರಿ ಪದವಾದರೂ ಇದು ಬದುಕಿತು, ಯಾಕೆಂದರೆ ಸಾಮಾನ್ಯ ಜನರ ಬಾಯಿಗೆ ಸಾಫ್ಟ್‌ವೇರ್ ಅನ್ನುವುದು ಇನ್ನೂ ಬಂದಿರಲಿಲ್ಲ.

ಕುರಿಯೆಲ್ ಅನ್ನುವುದಕ್ಕೆ ಆ ಅದೃಷ್ಟ ಇರಲಿಲ್ಲ. ಇ-ಮೇಲಿಗೆ ಕೆನಡಾದ ಕ್ವಿಬೆಕ್ ಜನ ಮಾಡಿಕೊಂಡ ಪದ ಅದು, ಅಲ್ಲಿ ಚೆನ್ನಾಗಿ ಓಡಾಡುತ್ತದೆ. ಫ್ರಾನ್ಸ್ ಸರಕಾರ ಅದನ್ನು ಒಪ್ಪಿಕೊಂಡು ಗೆಜೆಟ್ಟಿನಲ್ಲಿ ಹಾಕಿದ್ದು 2003ರ ಜೂನ್‌ನಲ್ಲಿ. ಅಷ್ಟರಲ್ಲಿ ಎಲ್ಲರೂ ಮೇಲ್ ಅನ್ನತೊಡಗಿ ಆಗಿತ್ತು. ನಮ್ಮ ಆಫೀಸಿನಲ್ಲಿ ಕುರಿಯೆಲ್ ಬರುವುದು ಎಚ್‌ಆರ್ ವಿಭಾಗದ ಗಂಭೀರ ಸುತ್ತೋಲೆಗಳಲ್ಲಿ ಮಾತ್ರ, ಅದೂ ಮೇಲ್‌ನಲ್ಲೇ. ಆಮೇಲೆ 2013ರಲ್ಲಿ ಹ್ಯಾಶ್‌ಟ್ಯಾಗಿಗೆ ಮೋ-ದಿಯೇಜ್ ಅಂತ ಗೆಜೆಟ್ ಹೇಳಿತು. ದಿಯೇಜ್ ಅಂದರೆ ಪಾಶ್ಚಾತ್ಯ ಸಂಗೀತದ ಶಾರ್ಪ್ ಚಿಹ್ನೆ. ಅದೂ ಹ್ಯಾಶ್ ಚಿಹ್ನೆಯೂ ಒಂದೇ ಅಲ್ಲ ಅಂತ ಅಚ್ಚುಮೊಳೆ ಬಲ್ಲವರು ಕೂಡಲೇ ತಕರಾರು ತೆಗೆದರು. ಒಂದರಲ್ಲಿ ಅಡ್ಡಗೆರೆ ಓರೆ, ಇನ್ನೊಂದರಲ್ಲಿ ನೇರ. ಅವರ ತಕರಾರು ಸರಿಯಾಗಿಯೇ ಇತ್ತು.

ಓರ್ದಿನಾತರ್ ಮಾತ್ರ ಗಡಿ ದಾಟಿಯೂ ಹೋಯಿತು. ಸ್ಪೇನಿನಲ್ಲಿ ಕಂಪ್ಯೂಟರಿಗೆ ಓರ್ದೆನಾದೋರ್ ಅನ್ನುತ್ತಾರೆ, ಫ್ರೆಂಚಿನಿಂದ ತಗೊಂಡದ್ದು. ಅದೇ ಸ್ಪ್ಯಾನಿಷ್ ಆಡುವ ಮೆಕ್ಸಿಕೋದಲ್ಲಿ ಕೊಂಪುತಾದೋರಾ. ಅಮೆರಿಕ ಪಕ್ಕದಲ್ಲಿದೆಯಲ್ಲ. ನಮ್ಮ ತಂಡಕ್ಕೆ ಮೆಕ್ಸಿಕೋದಿಂದ ಒಬ್ಬಳು, ಮ್ಯಾಡ್ರಿಡ್‌ನಿಂದ ಒಬ್ಬ ಬಂದಿದ್ದಾರೆ. ಇಬ್ಬರೂ ಸ್ಪ್ಯಾನಿಷಿನಲ್ಲಿ ಹರಟುತ್ತಾರೆ, ಈ ಒಂದು ಪದ ಬಂದಾಗ ಮಾತ್ರ ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಗಮನಿಸಿ, ಮೆಕ್ಸಿಕೋದವಳದ್ದು ಸ್ತ್ರೀಲಿಂಗ. ಪೆರೆ ಮೇಷ್ಟ್ರಿಗೆ ಖುಷಿಯಾಗುತ್ತಿತ್ತು.

ಸ್ಮಾರ್ಟ್‌ಫೋನ್ ಬಂದಾಗ ಸರಕಾರಿ ಸಮಿತಿಗೆ ಹಳೆಯ ಗೆಲುವು ನೆನಪಾಗಿರಬೇಕು. 2009ರ ಡಿಸೆಂಬರಿನಲ್ಲಿ ಓರ್ದಿಫೋನ್ ಅಂತ ಹೆಸರಿಟ್ಟರು. ಓರ್ದಿ ಇದೆ, ಫೋನ್ ಇದೆ, ಕೇಳಲು ಚೆನ್ನಾಗಿಯೂ ಇದೆ. ಯಾರೂ ಮುಟ್ಟಲಿಲ್ಲ. 2018ರ ಜನವರಿಯಲ್ಲಿ ಇನ್ನೊಂದು ಸಲಹೆ ಬಂತು, ಮೊಬೀಲ್ ಮ್ಯುಲ್ತಿಫೋಂಕ್ಸಿಯೋಂ. ಬಹೂಪಯೋಗಿ ಮೊಬೈಲು ಅಂತ. ಬಜಾರಿನಲ್ಲಿ ಪರದೆ ಒಡೆದ ಫೋನು ಹಿಡಿದು ರಿಪೇರಿ ಅಂಗಡಿಗೆ ಹೋಗಿದ್ದಾಗ ಸುಮ್ನೆ ತಮಾಷೆಗೆ ಆ ಪದ ಹೇಳಿ ನೋಡಿದೆ. ಅಂಗಡಿಯ ಹುಡುಗ ನನ್ನ ಫ್ರೆಂಚ್ ಇನ್ನೂ ಪಳಗಿಲ್ಲ ಅಂದುಕೊಂಡು, "ಸ್ಮಾರ್ಟ್‌ಫೋನ್, ಸ್ಮಾರ್ಟ್‌ಫೋನ್" ಅಂತ ನಿಧಾನವಾಗಿ ಬಿಡಿಸಿ ಹೇಳಿಕೊಟ್ಟ.